ಕೊಕ್ಕನೂರಿನ ಒಂದನೇ ನಂಬರು

ಮಂಡಿಪೇಟೆಯಲ್ಲಿ ಒಣಮೆಣಸಿನಕಾಯಿಯ ಸಗಟು ಅಂಗಡಿಯೊಂದರ ಮೇಲಿನ ಕೋಣೆಯೇ ನನ್ನ ಆಫೀಸು. ಅಂಗಡಿಗಳಿಗೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಬರೆದುಕೊಡುವುದು ನನ್ನ ಕೆಲಸ. ಕೆಳಗೆ ಲಾರಿಯಿಂದ ಚೀಲ ಇಳಿಸಿದರೆ ಮೇಲೆ ನಾನು ಸೀನುತ್ತೇನೆ. ಮೊದಮೊದಲು ಫೋನಿನ ಆಚೆಯವರು "ನೆಗಡಿ ಆಗೇತೇನ್ರಿ?" ಎಂದು ವಿಚಾರಿಸುತ್ತಿದ್ದರು. ಈಗ ಯಾರೂ ಕೇಳುವುದಿಲ್ಲ. ಸೀನು ಮುಗಿಯುವ ತನಕ ಸುಮ್ಮನಿದ್ದು ಮಾತು ಮುಂದುವರಿಸುತ್ತಾರೆ.

ಅಲ್ಲಿಗೆ ಒಂದು ದಿನ ದನದ ಡಾಕ್ಟರೊಬ್ಬರು ಬಂದರು. ಸರ್ಕಾರಿ ನೌಕರಿಯಿಂದ ನಿವೃತ್ತರಾದ ಮೇಲೆ ಹರಿಹರದಲ್ಲಿ ಸ್ವಂತ ಕ್ಲಿನಿಕ್ ತೆರೆದವರು. ಮನೆ ಮಾತ್ರ ದಾವಣಗೆರೆಯಲ್ಲಿ. ಬೆಳಿಗ್ಗೆ ಹರಿಹರದ ಸುತ್ತಿನ ಹಳ್ಳಿಗಳ ದನ, ಎಮ್ಮೆಗಳನ್ನು ನೋಡಿ, ಸಂಜೆ ಮನೆಯ ಮುಂದಿನ ಕೋಣೆಯಲ್ಲಿ ದಾವಣಗೆರೆಯ ಬಡಾವಣೆಗಳ ನಾಯಿಗಳನ್ನು ನೋಡುತ್ತಿದ್ದರು. "ಎಮ್ಮೆ ಒದೀತೈತೆ, ನಾಯಿ ಕಚ್ಚತೈತೆ, ನಾಯಿ ಸಾಕಿದೋರು ಮಾತಾಡ್ತಾರೆ. ಮೂರ್ರಾಗೆ ಎಮ್ಮೇನೇ ವಾಸಿ ರೀ" ಎಂದರು.

ಅವರ ಕಷ್ಟವೆಲ್ಲ ಫೋನಿನದು. "ರೈತ್ರು ಫೋನ್ ಮಾಡ್ತಾರೆ. ಡಾಕ್ಟ್ರೇ, ನಮ್ಮೆಮ್ಮಿ ಮೇವು ತಿನ್ನವಲ್ದು ಅಂತಾರೆ. ಯಾವ ಎಮ್ಮೆ ಅಂತ ಕೇಳಿದ್ರೆ, ಕರೇದು ಅಂತಾರೆ."

ಸರ್ಕಾರದವರು ಕಿವಿಗೆ ಚುಚ್ಚಿದ ಹಳದಿ ಬಿಲ್ಲೆಯಲ್ಲಿ ನಂಬರು ಇರುತ್ತದಲ್ಲ, ಅದು ಸಾಲದೇ ಎಂದು ಕೇಳಿದೆ.

"ಹನ್ನೆರಡು ಅಂಕಿ ಐತ್ರಿ ಅದು. ಅಷ್ಟೂ ಓದಿ ಹೇಳೋದ್ರೊಳಗೆ ಎಮ್ಮೆ ಕರು ಹಾಕಿರ್ತೈತೆ."

ಅವರಿಗೆ ಬೇಕಾಗಿದ್ದು ಬಾಯಲ್ಲಿ ಹೇಳುವಂಥ ಸಣ್ಣ ನಂಬರು. ಪ್ರತಿ ಊರಿಗೂ ಒಂದರಿಂದ ಶುರುವಾಗಬೇಕು. ಕೊಕ್ಕನೂರಿನ ಒಂದು, ಕೊಕ್ಕನೂರಿನ ಎರಡು. ಹಾಗೆಯೇ ಕಡರನಾಯಕನಹಳ್ಳಿಯ ಒಂದು, ಎರಡು. ಕೊರಳಿಗೆ ಆ ನಂಬರು ಕೊರೆದ ಹಿತ್ತಾಳೆ ಬಿಲ್ಲೆ. ರೈತ ಊರು ಮತ್ತು ನಂಬರು ಹೇಳಿದರೆ ಸಾಕು, ಯಾವ ಚುಚ್ಚುಮದ್ದು ಆಗಿದೆ, ಎಷ್ಟನೇ ಸೂಲು ಎಂಬುದೆಲ್ಲ ಕಂಪ್ಯೂಟರಿನಲ್ಲಿ ಬರಬೇಕು.

ನಾನು ನಗುತ್ತಲೇ ಒಪ್ಪಿಕೊಂಡೆ. ಡೇಟಾಬೇಸಿನ ಕೋಷ್ಟಕದಲ್ಲಿ ಒಂದೊಂದು ಜಾನುವಾರಿಗೆ ಒಂದೊಂದು ಸಾಲು. ಆ ಊರಿನ ಸಾಲುಗಳಲ್ಲಿ ಅತಿ ದೊಡ್ಡ ನಂಬರು ಯಾವುದೆಂದು ನೋಡು, ಅದಕ್ಕೆ ಒಂದು ಕೂಡಿಸು, ಹೊಸದಾಗಿ ಬಂದ ಜಾನುವಾರಿಗೆ ಕೊಡು. ಮಂಡಿಪೇಟೆಯ ಅಂಗಡಿಗಳ ಬಿಲ್ಲುಗಳಿಗೆ ಇದನ್ನೇ ಎಷ್ಟೋ ಸಲ ಮಾಡಿದ್ದೆ. ಬಿಲ್ಲುಗಳಿಗೆ ಬೀಗರಿರುವುದಿಲ್ಲ ಎಂಬುದನ್ನು ಮಾತ್ರ ಯೋಚಿಸಿರಲಿಲ್ಲ.

ಮೊದಲ ನೋಂದಣಿ ಕೊಕ್ಕನೂರಿನಲ್ಲಿ, ಹಾಲಿನ ಡೇರಿಯ ಮುಂದೆ. ಕೆಲಸ ಹೇಗೆ ನಡೆಯುತ್ತದೆಂದು ನೋಡಲು ನಾನೂ ಲ್ಯಾಪ್‌ಟಾಪ್ ಹಿಡಿದು ಹೋಗಿದ್ದೆ. ಹರಿಹರದ ಕ್ಲಿನಿಕ್ಕಿನ ಕಾಂಪೌಂಡರು ಬಿಲ್ಲೆಗಳನ್ನು ದಾರಕ್ಕೆ ಪೋಣಿಸಿ ಮಾಲೆಯ ಹಾಗೆ ಹಿಡಿದುಕೊಂಡಿದ್ದರು. ನಾವು ಹೋಗುವಷ್ಟರಲ್ಲಿ ಅರವತ್ತು ದಾಟಿದ ಒಬ್ಬ ಅಜ್ಜಿ ತಮ್ಮ ಎಮ್ಮೆಯ ಹಗ್ಗ ಹಿಡಿದು ಆಗಲೇ ಬಂದು ನಿಂತಿದ್ದರು. ಹೊಲಕ್ಕೆ ಹೋಗುವ ಅವಸರ ಅವರದು. ಮೊದಲು ಬಂದವರಾದ್ದರಿಂದ ಅವರ ಎಮ್ಮೆಗೆ ಒಂದನೇ ನಂಬರು ಬಿತ್ತು. ಕಾಂಪೌಂಡರು ಬಿಲ್ಲೆ ಕಟ್ಟಿದರು. ಅಜ್ಜಿ ಅದರ ಕಡೆ ತಿರುಗಿಯೂ ನೋಡಲಿಲ್ಲ.

ಎರಡನೆಯವರಾಗಿ ಬಂದವರು ಆ ಊರಿನ ನಿವೃತ್ತ ಹೆಡ್‌ಮಾಸ್ತರು. ಜೊತೆಯಲ್ಲಿ ಸ್ನಾನ ಮಾಡಿಸಿ ಕೊಂಬಿಗೆ ಎಣ್ಣೆ ಹಚ್ಚಿದ ಹಸು. ಊರಿನ ಅರ್ಧ ಜನಕ್ಕೆ ಪಾಠ ಹೇಳಿ, ಯಾರು ಮೊದಲು ಯಾರು ಎರಡನೆಯವರು ಎಂದು ಬೋರ್ಡಿನ ಮೇಲೆ ಬರೆದವರು ಅವರು. ಎರಡು ಎಂಬ ಬಿಲ್ಲೆಯನ್ನು ಕೈಯಲ್ಲಿ ಹಿಡಿದು ನೋಡಿದರು.

"ಒಂದು ಯಾರದು?"

ಕಾಂಪೌಂಡರು ಎಮ್ಮೆಯ ಕಡೆ ಕೈ ತೋರಿಸಿದರು.

"ಬಂದಂಗೆ ಬಂದಂಗೆ ಕೊಡೋದು ಪದ್ಧತಿ ಅಲ್ಲ. ಅಕಾರಾದಿ ಪ್ರಕಾರ ಮಾಡ್ರಿ" ಎಂದರು ಮಾಸ್ತರು.

"ಅಕಾರಾದಿ ಅಂದ್ರೆ ಎಮ್ಮೆ 'ಎ', ಹಸು 'ಹ' ಆಗ್ತೈತೆ ಸರ್. ಆಗ್ಲೂ ಎಮ್ಮೇನೇ ಮುಂದೆ" ಎಂದರು ಕಾಂಪೌಂಡರು. ಅವರೂ ಯಾವುದೋ ಊರಿನಲ್ಲಿ ಅಂಥದೇ ಮಾಸ್ತರ ಕೈಯಲ್ಲಿ ಕಲಿತವರು.

ಮಾಸ್ತರು ಎರಡನೇ ಬಿಲ್ಲೆಯನ್ನೇ ಕಟ್ಟಿಸಿಕೊಂಡು ಹಸುವನ್ನು ಹೊಡೆದುಕೊಂಡು ಹೋದರು. ಅಷ್ಟು ಹೊತ್ತೂ ಬಿಲ್ಲೆಯ ಗೊಡವೆಯೇ ಇಲ್ಲದೆ ನಿಂತಿದ್ದ ಅಜ್ಜಿ, ಮಾಸ್ತರ ಬೆನ್ನು ಮರೆಯಾಗುವವರೆಗೂ ನೋಡಿ, ಆಮೇಲೆ ಸೆರಗಿನ ತುದಿಯಿಂದ ಬಿಲ್ಲೆಯನ್ನು ಒರೆಸಿದರು.

ಅಲ್ಲಿಂದ ಆ ಎಮ್ಮೆಯ ನಸೀಬು ಬದಲಾಯಿತು. ಊರಿನವರು ಅದನ್ನು ನಂಬರ್ ಒನ್ ಎಂದೇ ಕರೆಯತೊಡಗಿದರು. ಕೆರೆಯಿಂದ ಬರುವಾಗ "ನಂಬರ್ ಒನ್ ಬಂತು, ದಾರಿ ಬಿಡ್ರಪ್ಪ" ಎನ್ನುತ್ತಿದ್ದರಂತೆ. ಅಜ್ಜಿ ಹಬ್ಬದ ಹಿಂದಿನ ದಿನ ದೇವರ ಸಾಮಾನಿನ ಜೊತೆ ಎಮ್ಮೆಯ ಬಿಲ್ಲೆಯನ್ನೂ ಹುಣಸೆಹಣ್ಣು ಹಚ್ಚಿ ತಿಕ್ಕುತ್ತಾರೆಂದು ಡಾಕ್ಟರು ಬಂದು ಹೇಳಿದರು.

ನನ್ನ ಕೆಲಸದ ಮೊದಲ ಹುಳುಕು ಮಳೆಗಾಲದಲ್ಲಿ ಹೊರಬಿತ್ತು. ನೋಂದಣಿಯ ಕೆಲಸ ಎರಡು ಕಡೆ ನಡೆಯುತ್ತಿತ್ತು. ಹರಿಹರದಲ್ಲಿ ಕಾಂಪೌಂಡರು, ದಾವಣಗೆರೆಯಲ್ಲಿ ಡಾಕ್ಟರ ಹೆಂಡತಿ. ಒಂದು ಮಧ್ಯಾಹ್ನ ಇಬ್ಬರೂ ಏಕಕಾಲಕ್ಕೆ ಕೊಕ್ಕನೂರಿನ ಜಾನುವಾರುಗಳನ್ನೇ ತುಂಬುತ್ತಾ ಕೂತರು. ಅದಾದ ಕೆಲವು ದಿನಗಳಿಗೆ ಕೊಕ್ಕನೂರಿನ ರೈತರೊಬ್ಬರ ಮೊಬೈಲಿಗೆ ಕ್ಲಿನಿಕ್ಕಿನಿಂದ ಸಂದೇಶ ಹೋಯಿತು: ನಿಮ್ಮ ಇಪ್ಪತ್ಮೂರನೇ ನಂಬರಿನ ಜಾನುವಾರು ಗಬ್ಬವಾಗಿದೆ, ಒಳ್ಳೆಯ ಮೇವು ಕೊಡಿ, ದುಡಿಸಬೇಡಿ.

ಆ ರೈತರು ಕ್ಲಿನಿಕ್ಕಿಗೆ ಫೋನ್ ಮಾಡಿದರು. ಸಿಟ್ಟೇನೂ ಇರಲಿಲ್ಲ. "ಡಾಕ್ಟ್ರೇ, ಮೇವು ಹಾಕ್ತೀನಿ. ದುಡಿಸ್ಬ್ಯಾಡ ಅಂದ್ರೆ ಬಿಡ್ತೀನಿ. ಆದ್ರೆ ಅದು ಎತ್ತು ಐತ್ರಿ. ಈ ಸುದ್ದಿ ಹೊರಗೆ ಹೋದ್ರೆ ಜೋಡಿ ಎತ್ತಿನ ಮುಂದೆ ಅದಕ್ಕೆ ಅವಮಾನ ಆಗ್ತೈತೆ."

ಹುಡುಕಿದರೆ ಕೊಕ್ಕನೂರಿನಲ್ಲಿ ಎರಡು ಇಪ್ಪತ್ಮೂರುಗಳಿದ್ದವು. ಒಂದು ಎತ್ತು, ಇನ್ನೊಂದು ನಿಜಕ್ಕೂ ಗಬ್ಬವಾಗಿದ್ದ ಎಮ್ಮೆ. "ನಾನಂತೂ ಕಂಪ್ಯೂಟರ್ ಕೊಟ್ಟ ನಂಬರ್ರೇ ಹಾಕಿದ್ದು" ಎಂದರು ಡಾಕ್ಟರ ಹೆಂಡತಿ. "ನಾನೂ ಅದು ಕೊಟ್ಟಿದ್ದನ್ನೇ ಹಾಕಿದ್ದು" ಎಂದರು ಕಾಂಪೌಂಡರು. ಇಬ್ಬರೂ ಹೇಳಿದ್ದು ಸರಿಯಾಗಿತ್ತು. ಮದುವೆ ಊಟದ ಪಂಕ್ತಿಯಲ್ಲಿ ಖಾಲಿ ಎಲೆಯೊಂದನ್ನು ಇಬ್ಬರು ಎರಡು ಕಡೆಯಿಂದ ನೋಡಿ ಇಬ್ಬರೂ ಅದರ ಮುಂದೆ ಕೂರಲು ಬಂದ ಹಾಗೆ ಆಗಿತ್ತು. ಇಬ್ಬರ ಕಂಪ್ಯೂಟರೂ ಇಪ್ಪತ್ತೆರಡು ಕೊನೆಯದು ಎಂದು ನೋಡಿದ್ದವು, ಇಬ್ಬರಿಗೂ ಇಪ್ಪತ್ಮೂರು ಕೊಟ್ಟಿದ್ದವು.

ನಾನು ಎರಡು ಬಂದೋಬಸ್ತು ಮಾಡಿದೆ. ಊರಿಗೊಂದರಂತೆ ಸಾಲು ಇರುವ ಬೇರೊಂದು ಕೋಷ್ಟಕ ಮಾಡಿ, ಆ ಊರಿನ ಕೊನೆಯ ನಂಬರನ್ನು ಅಲ್ಲಿಟ್ಟೆ. ಹೊಸ ನಂಬರು ಬೇಕಾದವರು ಆ ಸಾಲನ್ನು ಹಿಡಿದುಕೊಳ್ಳಬೇಕು. ಅವರು ಬಿಡುವ ತನಕ ಇನ್ನೊಬ್ಬರು ಕಾಯಬೇಕು. ಬಚ್ಚಲಮನೆಗೆ ಒಳಗಿನಿಂದ ಚಿಲಕ ಹಾಕಿಕೊಂಡ ಹಾಗೆ ಎಂದು ಕಾಂಪೌಂಡರಿಗೆ ವಿವರಿಸಿದೆ.

ಅವರು, "ಡಾಕ್ಟ್ರು ಮನ್ಯಾಗಿನ ಅಮ್ಮಾರು ಒಳಗಿದ್ರೆ ನಾನು ಹೊರಗೆ ನಿಂತಿರ್ಬೇಕೇನ್ರಿ?" ಎಂದು ಸಂಕೋಚದಿಂದ ಕೇಳಿದರು. ಕಣ್ಣು ಮಿಟುಕಿಸುವಷ್ಟು ಹೊತ್ತು ಮಾತ್ರ ಎಂದು ಸಮಾಧಾನ ಮಾಡಿದೆ. ಆ ಹೋಲಿಕೆಯನ್ನು ಮತ್ತೆ ಯಾರಿಗೂ ಹೇಳಲಿಲ್ಲ.

ಎರಡನೇ ಬಂದೋಬಸ್ತು ಒಂದು ನಿಯಮ. ಒಂದೇ ಊರಿನಲ್ಲಿ ಒಂದೇ ನಂಬರು ಎರಡು ಸಲ ಬರಕೂಡದು. ಯಾರಾದರೂ ಹಾಕಲು ಹೋದರೆ ಡೇಟಾಬೇಸ್ ತಾನಾಗಿಯೇ ತಡೆಯುತ್ತದೆ. ಎತ್ತಿನ ಬಿಲ್ಲೆ ಬದಲಾಯಿತು. ನಾನು ನೆಮ್ಮದಿಯಿಂದ ಮೆಣಸಿನಕಾಯಿ ಘಾಟಿಗೆ ವಾಪಸಾದೆ.

ಹೀಗೆ ಒಂದು ವರ್ಷ ಹೋಯಿತು. ಕೊಕ್ಕನೂರಿನ ಅಜ್ಜಿಗೆ ಒಬ್ಬಳೇ ಮಗಳು, ಕಡರನಾಯಕನಹಳ್ಳಿಗೆ ಕೊಟ್ಟಿದ್ದರು. ಮದುವೆಯಾಗಿ ಏಳು ವರ್ಷದ ಮೇಲೆ ಅವಳಿಗೆ ಗಂಡುಮಗುವಾಯಿತು. ಬಾಣಂತನ ಮುಗಿಸಿ ಮಗಳನ್ನು ಕಳಿಸಿಕೊಡುವಾಗ, ಮೊಮ್ಮಗನಿಗೆ ಮುಂದೆ ಗಟ್ಟಿ ಹಾಲು ಬೇಕೆಂದು ಅಜ್ಜಿ ತಮ್ಮ ನಂಬರ್ ಒನ್ ಎಮ್ಮೆಯನ್ನೇ ಜೊತೆಗೆ ಕೊಟ್ಟರು. ಊರಿನವರೆಲ್ಲ ನಿಂತು ಕಳಿಸಿಕೊಟ್ಟರಂತೆ. ಮಗಳನ್ನೋ ಎಮ್ಮೆಯನ್ನೋ ಎಂದು ನಾನು ಕೇಳಲಿಲ್ಲ.

ಕಡರನಾಯಕನಹಳ್ಳಿಗೆ ಲಸಿಕೆ ಹಾಕಲು ಹೋದ ಕಾಂಪೌಂಡರು ನನಗೆ ಫೋನ್ ಮಾಡಿದರು.

"ಮೇಡಂ, ಕೊಕ್ಕನೂರಿನ ಒಂದು ಇಲ್ಲಿಗ್ ಬಂದೈತೆ. ಊರು ಬದಲು ಮಾಡಾಕ್ ಹೋದ್ರೆ ಸಿಸ್ಟಮ್ಮು ಒಳಗೆ ಬಿಡವಲ್ದು."

ಬಿಡುವ ಹಾಗಿರಲಿಲ್ಲ. ಆ ಊರಿನಲ್ಲಿ ಆಗಲೇ ಒಂದನೇ ನಂಬರಿನ ಹಸುವಿತ್ತು. ನಾನೇ ಮಾಡಿದ ನಿಯಮ ತನ್ನ ಕೆಲಸ ಮಾಡುತ್ತಿತ್ತು. ಆ ಊರಿನ ಮುಂದಿನ ನಂಬರು ಕೊಟ್ಟುಬಿಡಿ ಎಂದೆ. ಐವತ್ತೆಂಟು ಬಂತು. ಹೊಸ ಬಿಲ್ಲೆ ಕಟ್ಟಿಯೂ ಆಯಿತು. ಫೋನು ಇಟ್ಟವಳು ಅದನ್ನು ಅಲ್ಲಿಗೇ ಮರೆತೆ.

ವಾರ ಕಳೆದಿರಬೇಕು. ಬೆಳಿಗ್ಗೆ ಆಫೀಸಿನ ಮೆಟ್ಟಿಲ ಮೇಲೆ ಯಾರೋ ನಿಂತು ನಿಂತು ಹತ್ತುವ ಸದ್ದು, ನಡುವೆ ಎರಡು ಸೀನು. ಬಾಗಿಲಲ್ಲಿ ಕೊಕ್ಕನೂರಿನ ಅಜ್ಜಿ. ಕ್ಲಿನಿಕ್ಕಿಗೆ ಹೋಗಿ ಕೇಳಿದ್ದಕ್ಕೆ ಕಾಂಪೌಂಡರು, ನಂಬರ್ ಮಾಡೋರು ಮಂಡಿಪೇಟೆಯಲ್ಲಿದ್ದಾರೆ ಎಂದು ಕೈ ತೊಳೆದುಕೊಂಡಿದ್ದರು.

"ಬರ್ರಿ ಅಜ್ಜಿ, ಕೂಡ್ರಿ" ಎಂದು ಕುರ್ಚಿ ಸರಿಸಿ ನೀರು ಕೊಟ್ಟೆ. ಅವರು ನೀರು ಕುಡಿದು, ಲೋಟ ಕೆಳಗಿಟ್ಟು ಕೇಳಿದರು.

"ನನ್ನೆಮ್ಮಿ ಏನ್ ತಪ್ಪು ಮಾಡೈತೆ ಯವ್ವಾ?"

"ಏನೂ ಮಾಡಿಲ್ಲ ಅಜ್ಜಿ."

"ಮತ್ಯಾಕ ಒಂದು ಇದ್ದದ್ದು ಐವತ್ತೆಂಟು ಆತು?"

ಆ ಊರಿನಲ್ಲಿ ಒಂದನೇ ನಂಬರು ಮೊದಲೇ ಇದೆ, ಎರಡು ಒಂದು ಇರಲು ಬರುವುದಿಲ್ಲ ಎಂದೆ.

"ಐತೆ, ಗೊತ್ತು. ನಮ್ ಬೀಗರ ಹಸ ಅದು. ಬ್ಯಾರೆ ಯಾರದಾರ ಆಗಿದ್ರೆ ನಾನು ಬಸ್ ಹತ್ತುತಿರ್ಲಿಲ್ಲ. ಒಂದೇ ಕೊಟ್ಟಿಗಿ. ಅವರ ಹಸ ಒಂದು, ಮಗ್ಗಲಾಗೆ ನನ್ನೆಮ್ಮಿ ಐವತ್ತೆಂಟು. ನಿನ್ನೆ ತೊಟ್ಟಿಲ ಶಾಸ್ತ್ರ ಇತ್ತು. ಬಂದ ಮಂದಿಯೆಲ್ಲ ಕೊಟ್ಟಿಗಿ ಮುಂದ್ಲಿಂದಾನೇ ಒಳಗೆ ಹೋಗ್ಬೇಕು. ಓದ್ಕಂತಾನೇ ಹೋದ್ರು."

"ಎಮ್ಮೆ ಬಿಲ್ಲೆ ಯಾರು ಓದ್ತಾರೆ ಅಜ್ಜಿ?"

"ಇಷ್ಟು ದಿನ ನಾನೇ ಕರ್ದು ಕರ್ದು ಓದಿಸಿದ್ನಲ್ಲ. ಈಗ ಓದ್ಬ್ಯಾಡ್ರಿ ಅನ್ನಾಕಾಗ್ತೈತಾ?"

ನಂಬರು ಎಂಬುದು ಮರ್ಯಾದೆಯ ವಿಷಯವಲ್ಲ, ಬರೀ ಗುರುತು ಎಂದು ತಿಳಿಸಿ ಹೇಳಲು ನೋಡಿದೆ. ಅಜ್ಜಿ ಪೂರ್ತಿ ಕೇಳಿಸಿಕೊಂಡರು. "ಬರೀ ಗುರುತಾದ್ರೆ ಒಂದು ಅಂತ್ಲೇ ಗುರುತು ಇಡು, ತಂಗಿ" ಎಂದರು. ನೋಡುತ್ತೇನೆ ಎಂದೆ. ನೋಡುತ್ತೇನೆ ಎಂದವರು ನೋಡುವುದಿಲ್ಲವೆಂದು ಅವರಿಗೆ ಗೊತ್ತಿತ್ತು. ಎದುರಿಗೇ ಡಾಕ್ಟರಿಗೆ ಫೋನ್ ಮಾಡಿಸಿ, ಭಾನುವಾರ ಕಡರನಾಯಕನಹಳ್ಳಿಗೆ ಎಲ್ಲರೂ ಹೋಗುವುದೆಂದು ಗೊತ್ತುಮಾಡಿಸಿಯೇ ಎದ್ದರು.

ಮರುದಿನ ಇನ್ನೊಂದು ಫೋನು. ಹೆಡ್‌ಮಾಸ್ತರದು.

"ಮೇಡಂ, ನಮ್ಮೂರಾಗೆ ಒಂದನೇ ಸ್ಥಾನ ಖಾಲಿ ಆಗೈತೆ ಅಂತ ತಿಳೀತು. ನಮ್ ಹಸೂನ ಒಂದಕ್ಕೆ ತಗಂಡ್ರೆ ಹೆಂಗೆ?"

"ನಿಮ್ಮದು ಒಂದಾದರೆ ಎರಡು ಖಾಲಿಯಾಗುತ್ತದೆ ಸರ್."

"ಮೂರನೇದನ್ನ ಎರಡಕ್ಕೆ ತರ್ರಿ. ನಾಕನೇದನ್ನ ಮೂರಕ್ಕೆ. ಎಲ್ಲರಿಗೂ ಒಂದೊಂದು ಬಡ್ತಿ ಸಿಗ್ತೈತೆ, ಯಾರೂ ಬ್ಯಾಡ ಅನ್ನಲ್ಲ."

ಊರಿನ ಎಲ್ಲ ಬಿಲ್ಲೆಗಳನ್ನೂ ಬದಲಾಯಿಸಬೇಕಾಗುತ್ತದೆ, ಹೋದ ತಿಂಗಳು ಒಂದು ದನಕ್ಕೆ ಕೊಟ್ಟ ಇಂಜೆಕ್ಷನ್ ಈಗ ಇನ್ನೊಂದರ ಲೆಕ್ಕಕ್ಕೆ ಹೋಗುತ್ತದೆ ಎಂದು ಹೇಳಿದೆ.

"ಹಾಜರಿ ಪುಸ್ತಕದಾಗೆ ನಾವು ವರ್ಷಾ ವರ್ಷಾ ನಂಬರ್ ಬದಲು ಮಾಡ್ತಿದ್ವಿ. ಯಾವ ಹುಡುಗನಿಗೂ ಏನೂ ಆಗ್ಲಿಲ್ಲ."

"ನೀವು ಹುಡುಗರಿಗೆ ಇಂಜೆಕ್ಷನ್ ಕೊಡ್ತಿರಲಿಲ್ಲ ಸರ್."

"ಅದೂ ಹೌದು" ಎಂದರು. ಆದರೂ ತಮ್ಮ ಮನವಿಯನ್ನು ಬಾಕಿ ಇಟ್ಟಿರಬೇಕೆಂದು ಕೇಳಿಕೊಂಡರು.

ಭಾನುವಾರ ಡಾಕ್ಟರ ಕಾರಿನಲ್ಲಿ ನಾವು ಮೂವರು ಹೋದೆವು. ಡಾಕ್ಟರು, ನಾನು, ದಾರಿಯಲ್ಲಿ ಹತ್ತಿದ ಅಜ್ಜಿ. ಕಾಂಪೌಂಡರು ಬೈಕಿನಲ್ಲಿ ಹಿಂದೆ ಬಂದರು. ಕಡರನಾಯಕನಹಳ್ಳಿಯ ಬೀಗರು ಹೆಗಲ ಮೇಲೆ ಟವೆಲು ಹಾಕಿಕೊಂಡು ಬಾಗಿಲಲ್ಲೇ ನಿಂತಿದ್ದರು. ಮೆತ್ತಗೆ ಮಾತಾಡುವ ಮನುಷ್ಯ. ಬೀಗಿತ್ತಿ ಎಮ್ಮೆಯ ವಿಷಯಕ್ಕೆ ದಾವಣಗೆರೆಯವರೆಗೆ ಹೋಗಿದ್ದರೆಂದು ತಿಳಿದು ಅವರಿಗೆ ರಾತ್ರಿ ನಿದ್ದೆ ಬಂದಿರಲಿಲ್ಲವಂತೆ. ನಮ್ಮನ್ನು ಕೂರಿಸಿ, ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಮುಂದಿಟ್ಟು ಕೈ ಮುಗಿದರು.

"ಇಷ್ಟಕ್ಕೆ ಯಾಕ ತ್ರಾಸ ತಗಂಡ್ರಿ. ನಮ್ ಹಸೂನ ಎರಡು ಮಾಡ್ರಿ. ಬೀಗರ ಎಮ್ಮೆ ಒಂದು ಆಗ್ಲಿ."

"ಎರಡು ನಿಮ್ ಪಕ್ಕದ್ ಮನೇರ್ದು ಐತ್ರಿ" ಎಂದರು ಕಾಂಪೌಂಡರು.

"ಅವರ್ದು ಮೂರು ಮಾಡ್ರಿ, ಏನೂ ಅನ್ನಲ್ಲ ಅವ್ರು."

ಗೋಡೆಯ ಆಚೆಯಿಂದ ಗಂಡುದನಿಯೊಂದು, "ನಾನ್ಯಾಕ ಮೂರಾಗ್ಲಿ?" ಎಂದು ಕೇಳಿತು. ಪಕ್ಕದ ಮನೆಯವರು ಅಷ್ಟು ಹೊತ್ತೂ ಅಲ್ಲೇ ನಿಂತಿದ್ದರು.

ಅಜ್ಜಿಯೂ ಒಪ್ಪಲಿಲ್ಲ. "ಬ್ಯಾಡ್ರಿ ಬೀಗ್ರೆ. ಹೆಣ್ಣು ಕೊಟ್ಟೋರು ಬಂದು ನಿಮ್ ಹಸೂನ ಕೆಳಗಿಳಿಸಿದ್ರು ಅಂತ ಮಾತಾಗ್ತೈತೆ. ನಿಮ್ದು ಒಂದೇ ಇರ್ಲಿ."

"ಹಂಗಾದ್ರೆ ನಿಮ್ ಎಮ್ಮೆ?"

"ಅದೂ ಒಂದೇ ಇರ್ಲಿ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಬಾಯಲ್ಲಿ ಬಜ್ಜಿ ಇಟ್ಟುಕೊಂಡಿದ್ದೆ. ಅದು ಖಾರವಾಗಿತ್ತು, ಉತ್ತರ ಕೊಡದಿರಲು ಒಂದು ಕಾರಣವೂ ಆಯಿತು. ನೀರು ಕುಡಿಯಲು ಎದ್ದು ಹಿತ್ತಲ ಬಾಗಿಲಿಗೆ ಹೋದೆ. ಅಲ್ಲಿ ಅಜ್ಜಿಯ ಮಗಳು ಬಟ್ಟೆ ಒಣಹಾಕುತ್ತಿದ್ದಳು. ಓಣಿಯ ಹೆಂಗಸೊಬ್ಬಳು ಒಳಗೆ ಇಣುಕಿ, "ಏ ಕೊಕ್ಕನೂರಕ್ಕಾ, ಕೂಸು ಎದ್ದೈತೆ ನೋಡು" ಎಂದು ಕೂಗಿ ಹೋದಳು.

"ನಿಮ್ಮನ್ನೇ ಕರೆದದ್ದಾ?" ಎಂದೆ.

"ಹೂನ್ರಿ. ಬಂದು ಏಳು ವರ್ಷ ಆತು, ಇವತ್ತಿಗೂ ಕೊಕ್ಕನೂರಕ್ಕ ಅಂತಾರೆ. ನಮ್ಮತ್ತೇನ ನೋಡ್ರಿ, ಅವರ ತವರು ಬನ್ನಿಕೋಡು, ಮೊಮ್ಮಗ ಆದ್ರೂ ಇನ್ನೂ ಬನ್ನಿಕೋಡಕ್ಕಾನೇ." ಅವಳು ಮಗುವಿನ ಕಡೆ ಓಡಿದಳು.

ನಾನು ನೀರಿನ ಚೊಂಬು ಹಿಡಿದುಕೊಂಡೇ ನಿಂತೆ. ನಾನು ಎಮ್ಮೆಯ ಸಾಲಿನಲ್ಲಿ ಊರು ಎಂದು ಒಂದೇ ಕಾಲಂ ಇಟ್ಟಿದ್ದೆ. ಅದು ಎಲ್ಲಿಯದು ಎಂಬುದಕ್ಕೂ ಈಗ ಎಲ್ಲಿದೆ ಎಂಬುದಕ್ಕೂ ಅದೇ ಕಾಲಂ. ಬಿಲ್ಲುಗಳ ವಿಷಯದಲ್ಲಿ ಇದು ನಡೆಯುತ್ತದೆ. ಒಂದಂಗಡಿಯ ಬಿಲ್ಲು ಇನ್ನೊಂದಂಗಡಿಗೆ ಸಂಸಾರ ಮಾಡಲು ಹೋಗುವುದಿಲ್ಲ. ಎಮ್ಮೆ ಹೋಗುತ್ತದೆ. ನಾನೂ ಮದುವೆಯಾಗಿ ಬಂದವಳೇ, ಆಧಾರ್ ಕಾರ್ಡಿನಲ್ಲಿ ವಿಳಾಸ ಬದಲಾಯಿಸಲು ಸಾಲಿನಲ್ಲಿ ನಿಂತವಳೇ. ಹೊಸ ವಿಳಾಸ ಬಂತು, ನಂಬರು ಹಳೆಯದೇ ಉಳಿಯಿತು. ಅದು ಆಗ ಹೊಳೆಯದೆ ಈಗ ಹೊಳೆದದ್ದಕ್ಕೆ ಸ್ವಲ್ಪ ನಾಚಿಕೆಯಾಯಿತು.

ಒಳಗೆ ಬಂದು ಹೇಳಿದೆ. ಇನ್ನು ಮುಂದೆ ಎರಡು ಊರು ಬರೆಯುವುದು. ಒಂದು ತವರೂರು, ಇನ್ನೊಂದು ಈಗಿನ ಊರು. ನಂಬರು ನಡೆಯುವುದು ತವರೂರಿನ ಲೆಕ್ಕದಲ್ಲಿ. ಜಾನುವಾರು ಎಲ್ಲಿಗೆ ಹೋದರೂ ಈಗಿನ ಊರು ಬದಲಾಗುತ್ತದೆ, ತವರೂರೂ ನಂಬರೂ ಬದಲಾಗುವುದಿಲ್ಲ. ಬಿಲ್ಲೆಯ ಮೇಲೆ ತವರೂರಿನ ಅಕ್ಷರ ಸೇರಿಸಿದರಾಯಿತು. ಎಮ್ಮೆ 'ಕೊ ಒಂದು', ಹಸು 'ಕ ಒಂದು'.

ಬೀಗರ ಮುಖ ಅರಳಿತು. ಅಜ್ಜಿ ಮಾತ್ರ ಇನ್ನೂ ಲೆಕ್ಕ ಹಾಕುತ್ತಿದ್ದರು.

"ಎರಡೂ ಒಂದೇ ಅಲ್ವಾ?"

"ಎರಡೂ ಒಂದೇ ಅಜ್ಜಿ. ಅದು ಅದರ ಊರಿಗೆ ಒಂದು, ಇದು ಇದರ ಊರಿಗೆ ಒಂದು."

"ಆತು" ಎಂದು ಅಜ್ಜಿ ಮೊದಲ ಸಲ ಬಜ್ಜಿಗೆ ಕೈ ಹಾಕಿದರು.

ಆಫೀಸಿಗೆ ಬಂದು ಆ ವಾರವೆಲ್ಲ ಕೋಷ್ಟಕವನ್ನು ತಿದ್ದಿದೆ. ಕೊಟ್ಟು ವಾಪಸು ಪಡೆದ ಐವತ್ತೆಂಟು ಹಾಗೇ ಖಾಲಿ ಉಳಿಯಿತು. ನಡುವೆ ತೂತು ಬಿದ್ದಿದೆಯಲ್ಲ ಎಂದು ಕಾಂಪೌಂಡರು ಕೊರಗಿದರು. ಒಮ್ಮೆ ಒಬ್ಬರಿಗೆ ಕೊಟ್ಟ ನಂಬರನ್ನು ಇನ್ನೊಬ್ಬರಿಗೆ ಕೊಡುವುದು ಬೇಡ, ತೂತು ಇದ್ದರೆ ಇರಲಿ ಎಂದೆ. ಇನ್ನೊಂದು ಕೆಲಸವನ್ನೂ ಮಾಡಿದೆ. ಎಲ್ಲ ಊರುಗಳ ಎಲ್ಲ ಜಾನುವಾರುಗಳಿಗೂ ಒಟ್ಟಾಗಿ ಸಾಗುವ ಒಂದು ಗುಟ್ಟಿನ ನಂಬರು ಕೊಟ್ಟು, ಲಸಿಕೆ, ಚಿಕಿತ್ಸೆಯ ದಾಖಲೆಗಳನ್ನೆಲ್ಲ ಅದಕ್ಕೇ ಜೋಡಿಸಿದೆ. ಅದು ಬರೀ ಕಂಪ್ಯೂಟರಿನ ಒಳಬಳಕೆಗೆ. ಯಾವ ಪರದೆಯ ಮೇಲೂ ಕಾಣದ ಹಾಗೆ ನೋಡಿಕೊಂಡೆ. ಕಂಡರೆ ಇಡೀ ತಾಲ್ಲೂಕಿಗೆ ಒಂದನೆಯದು ಯಾವುದು ಎಂಬ ಪ್ರಶ್ನೆ ಏಳುತ್ತಿತ್ತು. ನಿಜ ಹೇಳಬೇಕೆಂದರೆ ಆ ಪಟ್ಟಿಯಲ್ಲಿ ಒಂದನೆಯದು ಡಾಕ್ಟರ ಹೆಂಡತಿ ಕೈ ಪಳಗಲೆಂದು ತುಂಬಿದ ಅವರ ಮನೆಯ ನಾಯಿ.

ಉಳಿದದ್ದು ಹೆಡ್‌ಮಾಸ್ತರ ಮನವಿ. ಒಂದು ಖಾಲಿಯಾಗಿಲ್ಲ ಸರ್, ಗಂಡನ ಮನೆಗೆ ಹೋಗಿದೆ ಅಷ್ಟೇ ಎಂದು ಹೇಳಿದೆ. ಅವರಿಗೆ ಬೇಸರವಾಯಿತು. ಆಮೇಲೆ ನನಗೇ ಒಂದು ದಾರಿ ತೋಚಿತು. ಊರಿನಲ್ಲಿ ಸದ್ಯ ಇರುವ ಜಾನುವಾರುಗಳ ಪಟ್ಟಿ ಮುದ್ರಿಸುವಾಗ ಎಡಗಡೆ ಕ್ರಮಸಂಖ್ಯೆ ಎಂಬ ಕಾಲಂ ಇಟ್ಟೆ. ಅದನ್ನು ಎಲ್ಲಿಯೂ ಉಳಿಸಿಡುವುದಿಲ್ಲ. ಮುದ್ರಿಸುವ ಹೊತ್ತಿಗೆ ಯಾವುವಿವೆಯೋ ಅವನ್ನು ಎಣಿಸಿ ಒಂದರಿಂದ ಬರೆಯುವುದು. ಬಿಲ್ಲೆಯ ನಂಬರು ಪಕ್ಕದ ಕಾಲಮ್ಮಿನಲ್ಲಿ. ಆ ಪಟ್ಟಿಯಲ್ಲಿ ಮಾಸ್ತರ ಹಸು ಮೊದಲ ಸಾಲಿಗೆ ಬಂತು: ಕ್ರಮಸಂಖ್ಯೆ ಒಂದು, ಬಿಲ್ಲೆ ಕೊ ಎರಡು. ಮಾಸ್ತರು ಒಂದು ಪ್ರತಿ ಕೇಳಿ ಪಡೆದು, ಡೇರಿಯ ಬಾಗಿಲಿಗೆ ತಾವೇ ಗೋಂದು ಹಚ್ಚಿ ಅಂಟಿಸಿದರಂತೆ.

ಅಲ್ಲಿಗೆ ಮುಗಿಯಿತು ಎಂದುಕೊಂಡಿದ್ದೆ. ಕೆಲವು ತಿಂಗಳಾದ ಮೇಲೆ ನಂಬರ್ ಒನ್ ಎಮ್ಮೆ ಗಬ್ಬವಾಗಿ ದಿನ ತುಂಬುತ್ತಾ ಬಂತು. ಹುಟ್ಟಿದ ಊರೇ ಕರುವಿನ ತವರೂರು ಎಂಬುದು ನಾನು ಬರೆದ ನಿಯಮ. ಅಜ್ಜಿ ಅದನ್ನು ಕಾಂಪೌಂಡರಿಂದ ಸರಿಯಾಗಿ ತಿಳಿದುಕೊಂಡು, ಬೀಗರ ಮನೆಗೆ ಹೋಗಿ, ಎಮ್ಮೆಯನ್ನು ಬಾಣಂತನಕ್ಕೆ ಕೊಕ್ಕನೂರಿಗೆ ಕರೆದೊಯ್ಯುವುದಾಗಿ ಹೇಳಿದರು.

"ಚೊಚ್ಚಲದ್ದು ತವರಾಗೆ ಮಾಡ್ಬೇಕಲ್ರಿ."

"ಇದು ಚೊಚ್ಚಲ ಅಲ್ವಲ್ರಿ. ನಾಕನೇ ಸೂಲು ಇದು" ಎಂದರಂತೆ ಬೀಗರು.

"ನಿಮ್ ಮನೀಗ್ ಬಂದ್ಮೇಲೆ ಮೊದಲ್ನೇದು."

ಬೀಗರು ಎದ್ದು ಹೋಗಿ ಎಮ್ಮೆಯ ಹಗ್ಗ ಬಿಚ್ಚಿಕೊಟ್ಟರಂತೆ. ಟೆಂಪೋದಲ್ಲಿ ಹಾಕಿದರೆ ಕುಲುಕುತ್ತದೆಂದು ಅಜ್ಜಿ ತಾವೇ ಹಗ್ಗ ಹಿಡಿದು, ಆಳೊಬ್ಬರನ್ನು ಜೊತೆಗೆ ಕರೆದುಕೊಂಡು, ಕಾಲುವೆ ಏರಿಯ ಮೇಲೆ ನಿಧಾನವಾಗಿ ನಡೆಸಿಕೊಂಡು ಹೊರಟರು. ಅರ್ಧ ದಾರಿಗೆ ಎಮ್ಮೆ ಅಲ್ಲೇ ನಿಂತುಬಿಟ್ಟಿತು. ಮುಂದೆಯೂ ಹೋಗಲಿಲ್ಲ, ಹಿಂದೆಯೂ ಬರಲಿಲ್ಲ. ಎರಡೂ ಊರಿನವಲ್ಲದ ಗದ್ದೆಗಳ ನಡುವೆ, ಏರಿಯ ಮೇಲೆ, ಕರು ಹಾಕಿತು.

ನನಗೆ ಇದೆಲ್ಲ ಕಾಂಪೌಂಡರ ಫೋನಿನಿಂದ ತಿಳಿಯಿತು. ಅವರು ಸುದ್ದಿ ಕೇಳಿ ಬೈಕಿನಲ್ಲಿ ಅಲ್ಲಿಗೆ ಹೋಗಿದ್ದರು.

"ಹೆಣ್ಣು ಕರು ಮೇಡಂ, ಆರೋಗ್ಯವಾಗೈತೆ. ಮೊಬೈಲ್ನಾಗೆ ನೋಂದಣಿ ಮಾಡಾಕ್ ಹತ್ತೀನಿ. ತವರೂರು ಏನು ಹಾಕ್ಲಿ? ಕಾಲುವೆ ಏರಿ ಅಂತ ಪಟ್ಟಿಯಾಗೆ ಇಲ್ಲ. ಖಾಲಿ ಬಿಟ್ರೆ ನಂಬರ್ ಕೊಡವಲ್ದು."

ಯಾವ ಊರಿನದೆಂದು ತಿಳಿಯದಿದ್ದರೆ ಯಾವ ಸಾಲಿನ ನಂಬರು ಕೊಡುವುದೆಂದು ಡೇಟಾಬೇಸಿಗೆ ತಿಳಿಯುವುದಿಲ್ಲ. ಅಜ್ಜಿಗೆ ಫೋನು ಕೊಡಿ ಎಂದೆ. ಜಗಳಕ್ಕೆ ಸಿದ್ಧವಾಗಿಯೇ ಇದ್ದೆ.

"ಕಡರನಾಯಕನಹಳ್ಳಿ ಅಂತ್ಲೇ ಹಾಕು ತಂಗಿ" ಎಂದರು ಅಜ್ಜಿ.

ನಾನು ಕೇಳಿದ್ದು ಸರಿಯೇ ಎಂದು ಇನ್ನೊಮ್ಮೆ ಕೇಳಿದೆ.

"ಹೂನವ್ವ. ಫೋನ್ ಮಾಡಿದ ತಕ್ಷಣ ಬೀಗ್ರು ಉಣ್ಣೋದು ಬಿಟ್ಟು ಟ್ರ್ಯಾಕ್ಟರ್ ತಗಂಡು ಬಂದ್ರು. ಹೆಗಲ ಮ್ಯಾಗಿನ ಹೊಸ ಟವೆಲ್ ತೆಗ್ದು ಕರೂನ ಒರೆಸಿದ್ರು. ನಾನು ಕೂಡ ಹಂಗೆ ಒರೆಸಿರ್ಲಿಲ್ಲ ಯಾವ ಕರೂನೂ. ಇನ್ನ ಯಾವ ಬಾಯಿಲೆ ನಮ್ದು ಅನ್ಲಿ?" ಅವರ ದನಿ ಸಣ್ಣದಾಗಿತ್ತು.

ಅಷ್ಟರಲ್ಲಿ ಫೋನು ಕೈ ಬದಲಾಯಿತು. ಬೀಗರು ಮಾತಾಡಿದರು. "ಮೇಡಂ ಅವ್ರೇ, ಕೊಕ್ಕನೂರು ಅಂತ ಹಾಕ್ರಿ. ಪಾಪ, ಈ ವಯಸ್ನಾಗೆ ಅಷ್ಟು ದೂರ ನಡ್ಕಂಡು ಬಂದಾರೆ. ಅವರ ಮನಸ್ಸಿಗೆ ಬ್ಯಾಸರ ಆಗ್ಬಾರ್ದು."

"ಅವರು ಕಡರನಾಯಕನಹಳ್ಳಿ ಅಂತಿದ್ದಾರಲ್ಲ."

"ಅವ್ರು ಹಂಗೇ ಅಂತಾರೆ. ನೀವು ಕೊಕ್ಕನೂರು ಹಾಕ್ರಿ."

ಹಿಂದಿನಿಂದ ಅಜ್ಜಿ ಬ್ಯಾಡ ಬ್ಯಾಡ ಎನ್ನುವುದು ಕೇಳಿಸಿತು. ಫೋನು ಮತ್ತೆ ಅವರ ಕೈಗೆ, ಮತ್ತೆ ಇವರ ಕೈಗೆ. ನಾನು ಈ ಕಡೆ ಊರಿನ ಹೆಸರು ಬರೆಯುತ್ತಾ ಹೊಡೆದುಹಾಕುತ್ತಾ ಕೂತಿದ್ದೆ. ಕೊನೆಗೆ ಕಾಂಪೌಂಡರು ಫೋನು ಕಸಿದುಕೊಂಡಿರಬೇಕು.

"ಮೇಡಂ, ಇವ್ರು ಮುಗಿಸಾ ಹಂಗೆ ಕಾಣವಲ್ದು. ನಾನು ಕಡರನಾಯಕನಹಳ್ಳಿ ಅಂತ ಒತ್ತಿಬಿಟ್ಟೆ. ಎಪ್ಪತ್ತೊಂದು ಬಂತು."

"ಅಜ್ಜಿ ಏನಂದ್ರು?"

"ಎಪ್ಪತ್ತೊಂದಾ ಅಂದ್ರು. ಆಮೇಲೆ, ಇರ್ಲಿ ಬಿಡು, ಹೆಣ್ಣು ಕರು ಐತೆ, ನಂಬರ್ ತಗಂಡು ಏನ್ ಮಾಡೋದು ಅಂದ್ರು."

ಹಿಂದೆ ಟ್ರ್ಯಾಕ್ಟರ್ ಶುರುವಾದ ಸದ್ದು ಬಂತು. ಬೀಗರು ಯಾರಿಗೋ ಹಲಗೆ ತಗ್ಗಿಸಲು ಹೇಳುತ್ತಿದ್ದರು.

"ಕರು ಹತ್ತೈತೆ, ಎಮ್ಮಿ ಟ್ರೇಲರ್ ಹತ್ತವಲ್ದು. ನಾನು ಹಿಂದ್ಲಿಂದ ನೂಕ್ಬೇಕು. ಇಡ್ತೀನ್ರಿ" ಎಂದು ಕಾಂಪೌಂಡರು ಫೋನ್ ಇಟ್ಟರು.